ಕಿಂಡಿ ಇದ್ದರೂ ಗುರುತಿಸದ ಕಾಲ

ವಿಂಡೋಸ್ 98 ಇದ್ದ ಕಂಪ್ಯೂಟರಿಗೆ ಪೆನ್‌ಡ್ರೈವ್ ಸಿಕ್ಕಿಸಿದರೆ ಅದು ಮೊದಲು ಕೇಳುತ್ತಿದ್ದುದು ಡ್ರೈವರ್ ಸಿ.ಡಿ.ಯನ್ನು. ಯುಎಸ್‌ಬಿ ಕಿಂಡಿ ಇತ್ತು, ಆ ಕಿಂಡಿಯನ್ನು ನಡೆಸುವ ತಂತ್ರಾಂಶವೂ ಇತ್ತು. ಆದರೆ ಕಡತ ಕೂಡಿಡುವ ಸಾಧನಗಳಿಗೆಲ್ಲ ಹೊಂದುವ ಒಂದು ಸಾಮಾನ್ಯ ಡ್ರೈವರ್ ಇರಲಿಲ್ಲ. ಹಾಗಾಗಿ ಒಂದೊಂದು ಕಂಪನಿಯ ಪೆನ್‌ಡ್ರೈವಿಗೂ ಅದರದೇ ಡ್ರೈವರ್ ಬೇಕಿತ್ತು. 2000ದಲ್ಲಿ ಬಂದ ವಿಂಡೋಸ್ 2000 ಮತ್ತು ವಿಂಡೋಸ್ ಎಂಇಗಳಲ್ಲಿ ಆ ಕೊರತೆ ನೀಗಿತು.

ಅದಕ್ಕೂ ಹಿಂದಿನ ಪಾಡು ಇನ್ನೂ ಕಷ್ಟದ್ದು. ಸೌಂಡ್ ಕಾರ್ಡ್, ಮೋಡೆಮ್, ಪ್ರಿಂಟರ್ ಯಾವುದೇ ಇರಲಿ, ಪ್ರೊಸೆಸರನ್ನು ಕರೆಯಲು ಅದಕ್ಕೊಂದು ಗಂಟೆ ಬೇಕು. ಐಆರ್‌ಕ್ಯೂ ಎಂಬ ಆ ಗಂಟೆಗಳು 0ಯಿಂದ 15ರವರೆಗೆ, ಒಟ್ಟು ಹದಿನಾರೇ. ಗಡಿಯಾರಕ್ಕೆ 0, ಕೀಬೋರ್ಡಿಗೆ 1 ಎಂದು ಹಲವು ಮೊದಲೇ ಮೀಸಲು. ಕಾಮ್1, ಕಾಮ್3 ಎಂಬ ಸೀರಿಯಲ್ ಕಿಂಡಿಗಳೆರಡೂ 4ನೆಯದನ್ನೇ ನೆಚ್ಚಿಕೊಂಡಿದ್ದವು. ಒಂದರಲ್ಲಿ ಮೌಸ್, ಇನ್ನೊಂದರಲ್ಲಿ ಮೋಡೆಮ್ ಇದ್ದರೆ ಫೋನ್ ಸಂಪರ್ಕ ಸಿಗುತ್ತಲೇ ಮೌಸ್ ನಿಂತುಬಿಡಬಹುದಿತ್ತು. ಪರಿಹಾರ ಬೇಕೆಂದರೆ ಡಬ್ಬ ಬಿಚ್ಚಿ ಕಾರ್ಡಿನ ಮೇಲಿನ ಪುಟ್ಟ ಜಂಪರ್ ಕಿತ್ತು ಬೇರೆ ಕಡ್ಡಿಗೆ ಹಾಕಬೇಕು, ಆ ಸಂಖ್ಯೆಯನ್ನು ಡಾಸ್‌ನ ಕಡತಗಳಲ್ಲೂ ಬರೆಯಬೇಕು. ವಿಂಡೋಸ್ 95 ಈ ಹಂಚಿಕೆಯನ್ನು ತಾನೇ ಮಾಡಲು ಹೊರಟಿತು. ಆದರೆ ಹಳೆಯ ಕಾರ್ಡುಗಳಿಗೆ ತಮ್ಮ ಗುರುತು ಹೇಳಿಕೊಳ್ಳಲು ಬರುತ್ತಿರಲಿಲ್ಲ.

ಗುರುತು ಹೇಳುವ ಹೊಣೆಯನ್ನು ಯುಎಸ್‌ಬಿ ಸಾಧನದ ಮೇಲೆಯೇ ಹೊರಿಸಿತು. ವಡೋದರದಲ್ಲಿ ಓದಿ ಇಂಟೆಲ್ ಸೇರಿದ ಅಜಯ್ ಭಟ್ ಮತ್ತು ಜೊತೆಗಾರರ ದುಡಿಮೆ, ಏಳು ಕಂಪನಿಗಳ ಒಪ್ಪಂದ ಸೇರಿ 1996ರ ಜನವರಿಯಲ್ಲಿ ಅದರ ಮೊದಲ ಆವೃತ್ತಿ ಹೊರಬಂತು. ಸಿಕ್ಕಿಸಿದೊಡನೆ ಸಾಧನ ತನ್ನ ತಯಾರಕರ ಸಂಖ್ಯೆ, ಮಾದರಿ, ವರ್ಗ ಎಲ್ಲವನ್ನೂ ತಿಳಿಸುತ್ತದೆ. ಒಂದೇ ನಿಯಂತ್ರಕದಡಿ 127 ಸಾಧನಗಳಿಗೆ ಜಾಗ.

ಇಷ್ಟಾದರೂ ಆಪರೇಟಿಂಗ್ ಸಿಸ್ಟಂಗಳು ಹಿಂದೆ ಬಿದ್ದವು. ಅಂಗಡಿಯಲ್ಲಿ ಕೊಂಡ ಮೊದಲ ವಿಂಡೋಸ್ 95ಕ್ಕೆ ಯುಎಸ್‌ಬಿ ಗೊತ್ತೇ ಇರಲಿಲ್ಲ. ವಿಂಡೋಸ್ ಎನ್‌ಟಿ 4ಕ್ಕೂ ಇಲ್ಲ. 1998ರ ಏಪ್ರಿಲ್ 20ರಂದು ಷಿಕಾಗೋದ ಕಾಮ್ಡೆಕ್ಸ್ ಮೇಳದಲ್ಲಿ, ಬಿಲ್ ಗೇಟ್ಸ್ ಪಕ್ಕದಲ್ಲಿ ನಿಂತಿರುವಾಗಲೇ, ಸ್ಕ್ಯಾನರ್ ಜೋಡಿಸಿದೊಡನೆ ವಿಂಡೋಸ್ 98ರ ಪರದೆ ನೀಲಿಗಟ್ಟಿ ನಿಂತಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಆ್ಯಪಲ್ ತನ್ನ ಐಮ್ಯಾಕ್‌ನಿಂದ ಹಳೆಯ ಕಿಂಡಿಗಳನ್ನು ಕಿತ್ತುಹಾಕಿದ್ದು ತಯಾರಕರನ್ನು ಯುಎಸ್‌ಬಿಯತ್ತ ದೂಡಿತು.

ಎಲ್ಲರೂ ಕಿಂಡಿಯನ್ನೇ ಹೊಗಳುತ್ತಾರೆ. ನನ್ನ ಮಟ್ಟಿಗೆ ದೊಡ್ಡ ಸಾಧನೆ ಆ ‘ವರ್ಗ’ದ ಒಪ್ಪಂದ. ಯಾವ ಕಂಪನಿಯ ಕೀಬೋರ್ಡ್ ಆದರೂ ಒಂದೇ ಡ್ರೈವರಿನಲ್ಲಿ ನಡೆಯುವುದು ಅದರ ಫಲ. ಸ್ಕ್ಯಾನರ್‌ಗಳಲ್ಲಿ ಇಂಥ ಒಪ್ಪಂದ ಗಟ್ಟಿಯಾಗಿ ನೆಲೆಗೊಳ್ಳಲಿಲ್ಲ. ಗಾಜು, ದೀಪ, ಮೋಟಾರು ಎಲ್ಲ ಸರಿಯಿದ್ದರೂ, ಹೊಸ ವಿಂಡೋಸಿಗೆ ತಯಾರಕರು ಡ್ರೈವರ್ ಬರೆಯದ ಕಾರಣಕ್ಕೆ ಎಷ್ಟೋ ಸ್ಕ್ಯಾನರ್‌ಗಳು ಮೂಲೆ ಸೇರಿವೆ. ಎಸೆಯುವ ಮುನ್ನ ಅವನ್ನು ಲಿನಕ್ಸ್‌ಗೊಮ್ಮೆ ಜೋಡಿಸಿ ನೋಡಬೇಕು. ಅಲ್ಲಿನ ‘ಸೇನ್’ ಯೋಜನೆಯವರು ಇಂಥ ಹಲವು ಹಳೆಯ ಮಾದರಿಗಳಿಗೆ ತಾವೇ ಡ್ರೈವರ್ ಬರೆದಿಟ್ಟಿದ್ದಾರೆ.