ವಾಲ್ವ್ ಇಂಪಿನ ಕಲಬೆರಕೆ

'ವಾಲ್ವ್ ಪ್ರಿಆಂಪ್ ಅಂದ್ರೆ ಶುದ್ಧವಾದ ಸೌಂಡ್ ಸಾರ್' ಅಂತ ದುಬಾರಿ ಪೆಟ್ಟಿಗೆ ಮಾರುವವರಿದ್ದಾರೆ. ಎಂಜಿನಿಯರಿಂಗ್ ಓದಿದ ತಪ್ಪಿಗೆ ನನಗೆ ಸುಮ್ಮನಿರೋಕಾಗಲ್ಲ. ಆ ಇಂಪು ಬಹುಪಾಲು ಕಲಬೆರಕೆಯಿಂದ ಬಂದದ್ದು.

ಹೇಗೆ ಅಂತೀರಾ? ಇಂಥ ಪ್ರಿಆಂಪ್‌ಗಳಲ್ಲಿ ಸಾಮಾನ್ಯವಾಗಿ ಸಿಗುವ 12ಎಎಕ್ಸ್7 ಟ್ಯೂಬನ್ನೇ ತಗೊಳ್ಳಿ. ಪುಟ್ಟ ಗಾಜಿನ ಬುರುಡೆ, ಒಳಗೆ ಎರಡು ಟ್ರಯೋಡ್. ಗ್ರಿಡ್ಡಿನ ವೋಲ್ಟೇಜ್ ಏರಿಳಿದ ಹಾಗೆ ಪ್ಲೇಟಿನ ಕರೆಂಟ್ ಏರಿಳಿಯಬೇಕು. ಏರಿಳಿಯುತ್ತೆ, ಆದರೆ ಗೆರೆ ನೇರವಾಗಿಲ್ಲ, ಬಾಗಿದೆ. ಹಾಗಾಗಿ ಅಲೆಯ ಒಂದು ಅರ್ಧ ಉಬ್ಬುತ್ತೆ, ಇನ್ನೊಂದರ್ಧ ಚಪ್ಪಟೆಯಾಗುತ್ತೆ. ಈ ತಾರತಮ್ಯದಿಂದಲೇ ಎರಡನೇ ಹಾರ್ಮೋನಿಕ್ ಹುಟ್ಟುವುದು. 220 ಹರ್ಟ್ಸ್ ಕೊಟ್ಟರೆ ಜೊತೆಗೆ 440 ಬರುತ್ತೆ. ನಮ್ಮ ಸಂಗೀತದ ಭಾಷೆಯಲ್ಲಿ ಹೇಳೋದಾದ್ರೆ, ನೀವು ಮಧ್ಯ ಷಡ್ಜ ಹಾಡಿದರೆ ಟ್ಯೂಬು ತಾನಾಗಿಯೇ ತಾರ ಷಡ್ಜ ಸೇರಿಸುತ್ತೆ. ಶ್ರುತಿಗೆ ಹೊಂದಿದ್ದರಿಂದ ಕಿವಿ ತಕರಾರು ಮಾಡಲ್ಲ. ದನಿ ತುಂಬಿ ಬಂತು ಅನ್ನುತ್ತೆ, ಅಷ್ಟೆ.

ಹಾಗಾದ್ರೆ ನಷ್ಟ ಏನು? ಅದೇ ಟ್ಯೂಬಿಗೆ ಎರಡು ಸ್ವರ ಒಟ್ಟಿಗೆ ಕೊಡಿ: 220, 300. ಮೊತ್ತ 520, ವ್ಯತ್ಯಾಸ 80 ಕೂಡ ಹೊರಬರುತ್ತವೆ. ಯಾರೂ ನುಡಿಸದ, ಯಾವ ಶ್ರುತಿಗೂ ಸೇರದ ಸ್ವರಗಳು! ಒಬ್ಬರೇ ಹಾಡುವಾಗ ಇಂಪಾಗಿದ್ದದ್ದು ದೊಡ್ಡ ವಾದ್ಯವೃಂದದಲ್ಲಿ ಕಲಸುಮೇಲೋಗರ.

ಗಿಟಾರ್ ಆಂಪ್‌ನಲ್ಲಿ ಈ ದೋಷವನ್ನು ಬೇಕಂತಲೇ ಹೆಚ್ಚಿಸ್ತಾರೆ. ಸರಿಯೇ, ಅಲ್ಲಿ ಅದು ವಾದ್ಯದ್ದೇ ಭಾಗ. ಸಿಗ್ನಲ್ ಸಣ್ಣದಿದ್ದು, ಫೀಡ್‌ಬ್ಯಾಕ್ ಚೆನ್ನಾಗಿ ಕೊಟ್ಟಿದ್ದರೆ ಟ್ಯೂಬೂ ಸಾಕಷ್ಟು ಪ್ರಾಮಾಣಿಕವಾಗಿರುತ್ತೆ. ಮನೆಗೆ ಕೊಳ್ಳುವಾಗ ಅಂಗಡಿಯವರನ್ನ ಒಂದೇ ಪ್ರಶ್ನೆ ಕೇಳಿ: ಎಷ್ಟು ವೋಲ್ಟ್ ಔಟ್‌ಪುಟ್‌ನಲ್ಲಿ ಶೇಕಡಾ ಎಷ್ಟು ಡಿಸ್ಟಾರ್ಷನ್?