ಪಡುವಣ ಗೋಡೆಯ ಮೇ ತಿಂಗಳು

ಟಕ್, ಟಕ್, ಟಕ್, ಆಮೇಲೆ ಇದ್ದಕ್ಕಿದ್ದಂತೆ ಒಂದು ‘ಬದ್’. ಜೋಗೇಶ್ವರಿ ಪೂರ್ವದ ಮಜಾಸವಾಡಿಯಲ್ಲಿ, ನಾಲ್ಕು ಮಾಳಿಗೆಯ ಹಳೆಯ ಕಟ್ಟಡಕ್ಕೆ ಬಿದಿರಿನ ಪರಾಂಚಿ ಕಟ್ಟಿದ್ದಾರೆ. ಅದರ ಮೇಲೆ ಕುಕ್ಕರಗಾಲಲ್ಲಿ ಕೂತ ಮೇಸ್ತ್ರಿ ಸುತ್ತಿಗೆಯ ಹಿಡಿಯಿಂದ ಮೊಳಕ್ಕೊಮ್ಮೆ ಗೋಡೆ ಬಡಿದು, ತಲೆ ವಾಲಿಸಿ ಕಿವಿಗೊಡುತ್ತಾನೆ. ‘ಬದ್’ ಎಂದಲ್ಲಿ ಸಾರಣೆ ಇಟ್ಟಿಗೆಯ ಕೈಬಿಟ್ಟಿದೆ. ಅಲ್ಲೊಂದು ಸೀಮೆಸುಣ್ಣದ ಸುತ್ತು.

ಬನ್ನಿ, ಈ ಬಾದಾಮಿ ಮರದ ನೆರಳಲ್ಲಿ ನಿಲ್ಲೋಣ. ವಿಕ್ರೋಳಿ ಲಿಂಕ್ ರಸ್ತೆಯ ಹಾರ್ನುಗಳು ಇಲ್ಲಿಗೂ ಕೇಳಿಸುತ್ತವೆ. ಯಾರ ಮನೆಯಿಂದಲೋ ಬಂಗುಡೆ ಸಾರಿನ ಘಮ, ಅದರೊಳಗೆ ಬೆರೆತ ಹಸಿ ಸಿಮೆಂಟಿನ ವಾಸನೆ. ಬಿಸಿಲಿಗೆ ಗೋಡೆ ಕಾವಲಿಯಂತೆ ಕಾದಿದೆ. ಮುಂಗಾರು ಮುಂಬಯಿಗೆ ಕಾಲಿಡುವ ವಾಡಿಕೆಯ ದಿನ ಜೂನ್ 11. ಗೋಡೆ ಒಣಗಿ ಕೈಗೆ ಸಿಗುವುದು ಅಷ್ಟರೊಳಗೆ ಮಾತ್ರ.

ಮೂರನೇ ಮಾಳಿಗೆಯ ಕಿಟಕಿಯಿಂದ ಕುಂದಾಪುರದ ದೊಡ್ಡಮ್ಮ ಇಣುಕುತ್ತಾರೆ. “ಒಳ್ಗ್ ಬಣ್ಣ ಬಳ್ದ್ ಬಳ್ದ್ ಸಾಕಾಯ್ತ್ ಮಾರಾಯ.” ಅಡುಗೆಮನೆಯ ಆ ಮೂಲೆ ನೋಡಬೇಕು: ಬಣ್ಣ ಹಪ್ಪಳದಂತೆ ಉಬ್ಬಿ ಒಡೆದಿದೆ, ಅದರ ಕೆಳಗೆ ಉಪ್ಪಿನ ಬಿಳಿ ಹೂವು, ಬೆರಳಿಟ್ಟರೆ ಹಿಟ್ಟಿನಂತೆ ಉದುರುತ್ತದೆ. ಕಲಬುರಗಿಯ ಮೇಸ್ತ್ರಿ ನಗುತ್ತಾನೆ: “ಒಳಗ ಬಳದ್ರ ಏನಾಗ್ತದ್ರೀ ಅಮ್ಮಾರ? ನೀರು ಹೊರಗಿಂದ ಬರ್ಲಿಕತ್ತದ.”

ನಿಜ. ಮಳೆಗಾಳಿ ಬೀಸುವುದು ಪಡುವಣದಿಂದ. ಅದು ನೀರನ್ನು ಗೋಡೆಗೆ ಎರಚುವುದಷ್ಟೇ ಅಲ್ಲ, ಕೂದಲೆಳೆಯಂಥ ಬಿರುಕಿನೊಳಕ್ಕೂ ತಳ್ಳುತ್ತದೆ. 2005ರ ಜುಲೈ 26ರಂದು ಪಕ್ಕದ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿದದ್ದನ್ನು ಈ ಓಣಿಯ ಹಿರಿಯರು ಮರೆತಿಲ್ಲ. ಬಂಡೆಗೂ ಬಿಡುವಿಲ್ಲ: ಇಲ್ಲೇ ಹತ್ತಿರದ ಜೋಗೇಶ್ವರಿ ಗುಹೆಯಲ್ಲಿ, 6ನೇ ಶತಮಾನದ ಶಿಲ್ಪಗಳು ಜಿನುಗುವ ನೀರಿಗೆ ಮುಖವೇ ಗುರುತು ಸಿಗದಷ್ಟು ಸವೆದಿವೆ.

ಸುತ್ತು ಹಾಕಿದಲ್ಲೆಲ್ಲ ಪೊಳ್ಳು ಸಾರಣೆ ಕಳಚಿ ಬೀಳುತ್ತಿದೆ. ಬಿರುಕಿನ ಮೇಲೆ ಸುಮ್ಮನೆ ಸಿಮೆಂಟು ಸವರುವುದಿಲ್ಲ ಈತ. ಉಳಿಯಿಂದ ಅದನ್ನು ಅಗಲ ಮಾಡಿ, ಧೂಳು ಊದಿ, ನೀರು ಚಿಮುಕಿಸಿ ಆಮೇಲೆ ತುಂಬುತ್ತಾನೆ. ಕಾಂಕ್ರೀಟಿನ ತೊಲೆಗೆ ಇಟ್ಟಿಗೆ ಕೂಡುವಲ್ಲಿ ಕೋಳಿಜಾಲರಿ ಬಡಿಯುತ್ತಾನೆ, ಎರಡೂ ಬಿಸಿಲಿಗೆ ಬೇರೆಬೇರೆ ಹಿಗ್ಗಿ ಮತ್ತೆ ಬಿರುಕು ಬಾರದಿರಲೆಂದು. ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳು. ಸಿಮೆಂಟು ಹೆಚ್ಚಿದಷ್ಟೂ ಗಟ್ಟಿ ಅಂದುಕೊಳ್ಳುವವರೇ ಬಹಳ, ಆದರೆ ಸಿಮೆಂಟು ಹೆಚ್ಚಾದ ಗಾರೆ ಒಣಗುವಾಗ ಕುಗ್ಗಿ ತಾನೇ ಸೀಳುತ್ತದೆ. ಮೊದಲ ಪದರ 12ರಿಂದ 15 ಮಿಲಿಮೀಟರ್, ಅದರ ಮೈಗೆ ಕರಣೆಯ ತುದಿಯಿಂದ ಅಲೆಅಲೆಯಾಗಿ ಗೀರು. ಎರಡನೆಯ ಪದರ ಆ ಗೀರು ಹಿಡಿದೇ ನಿಲ್ಲಬೇಕು.

“ಊರಲ್ ಮಳಿಗ್ ಮುಂಚೆ ಗೋಡಿಗ್ ಮಡ್ಲಿನ್ ತಟ್ಟಿ ಕಟ್ತಿದ್ರ್,” ಎನ್ನುತ್ತಾರೆ ದೊಡ್ಡಮ್ಮ. ಉದ್ದ ಸೂರು, ಅದರ ಮುಂದೆ ತೆಂಗಿನ ಮಡಲು. ಆ ಮನೆ ಕಟ್ಟಿದವರಿಗೆ ಮಳೆ ಗೊತ್ತಿತ್ತು. ಇಲ್ಲಿ ಸೂರಿಲ್ಲದ ಗೋಡೆಗೆ ಇರುವುದು ಕಿಟಕಿಯ ಮೇಲಿನ ಗೇಣುದ್ದದ ಛಜ್ಜಾ ಒಂದೇ.

ಹೊಸ ಸಾರಣೆಗೆ ಏಳು ದಿನ ನೀರುಣಿಸಿ, ಪೂರ್ತಿ ಒಣಗಿದ ಮೇಲೆಯೇ ಬಣ್ಣ. ಅವಸರ ಮಾಡಿದರೆ ಒಳಗಿನ ಪಸೆ ಬಣ್ಣವನ್ನೇ ಉಬ್ಬಿಸುತ್ತದೆ. ಸಂಜೆಯಾಗುತ್ತಿದೆ. ಮೇಸ್ತ್ರಿ ಛಜ್ಜಾದ ಅಡಿಯಲ್ಲಿ, ಅಂಚಿಗೆ ಸಮನಾಗಿ ಬೆರಳಗಲದ ಒಂದು ತೋಡು ಬಿಟ್ಟಿದ್ದಾನೆ. ಈಗ ಮೇಲಿಂದ ಒಂದು ಚೊಂಬು ನೀರು ಸುರಿದು ಬಗ್ಗಿ ನೋಡುತ್ತಾನೆ. ನೀರು ಅಂಚು ದಾಟಿ ಅಡಿಗೆ ಹೊರಳುತ್ತದೆ, ತೋಡಿನ ಬಳಿ ತಡೆಯುತ್ತದೆ, ಗೋಡೆಯನ್ನು ಮುಟ್ಟದೆ ತೊಟತೊಟ ಕೆಳಗೆ ಬೀಳುತ್ತದೆ. “ಇನ್ನೊಂದ್ ಚೊಂಬ್ ಹಾಕ್ ಕಾಂಬ,” ಎನ್ನುತ್ತಾರೆ ದೊಡ್ಡಮ್ಮ, ಕಿಟಕಿಯಿಂದ ಕೈ ಚಾಚಿ ಹನಿ ಹಿಡಿಯುತ್ತಾ.