ಗುಡ್ಡ ಹತ್ತಲೂ ಕೋರ್ಸಾ?

ಪದವಿಯ ಕೊನೆಯ ಸೆಮಿಸ್ಟರ್‌ನಲ್ಲಿ ಗೆಳತಿಯರೆಲ್ಲ ಬಿ.ಇಡಿ, ಬ್ಯಾಂಕ್ ಪರೀಕ್ಷೆ, ಕೆ.ಎ.ಎಸ್. ಎಂದು ಓಡಾಡುತ್ತಿದ್ದರೆ ನಾನು ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯ ಬೇಸಿಕ್ ಕೋರ್ಸ್‌ಗೆ ಅರ್ಜಿ ತುಂಬುತ್ತಿದ್ದೆ. ಸಾಗರದ ಹತ್ತಿರದ ನಮ್ಮೂರಲ್ಲಿ ಇದನ್ನು ವಿವರಿಸುವುದೇ ದೊಡ್ಡ ಚಾರಣ. 'ಗುಡ್ಡ ಹತ್ತಕ್ಕೂ ಕೋರ್ಸಾ? ನಿನ್ನಜ್ಜ ಸೊಪ್ಪು ತರಕ್ಕೆ ದಿನಾ ಹತ್ತತಿದ್ರು, ಯಾರೂ ಸರ್ಟಿಫಿಕೇಟ್ ಕೊಡ್ಲಿಲ್ಲ' ಎಂದರು ಅಪ್ಪ.

ಅಪ್ಪ ಹೇಳಿದ್ದರಲ್ಲಿ ಸುಳ್ಳೇನಿಲ್ಲ. ಆದರೆ ಅಜ್ಜ ಹತ್ತುತ್ತಿದ್ದುದು ಒಬ್ಬರೇ. ಹದಿನೈದು ಜನರನ್ನು ಕರೆದೊಯ್ದು, ಹದಿನೈದೂ ಜನರನ್ನು ವಾಪಸ್ ಕರೆತರುವುದು ಬೇರೆಯೇ ವಿದ್ಯೆ. ಅದು ನನಗೆ ತಿಳಿದಿದ್ದು ಹೊನ್ನೇಮರಡುವಿನಲ್ಲಿ. ಲಿಂಗನಮಕ್ಕಿ ಹಿನ್ನೀರಿನ ದಡದಲ್ಲಿ ಕಾಲೇಜಿನ ಶಿಬಿರ. ನಮ್ಮ ಕೈಗೆ ಹುಟ್ಟು ಕೊಡುವ ಮೊದಲು ಅಲ್ಲಿದ್ದ ತರಬೇತುದಾರರು ಪ್ರತಿಯೊಬ್ಬರ ಲೈಫ್ ಜಾಕೆಟ್‌ನ ಪಟ್ಟಿಯನ್ನೂ ಎಳೆದು ನೋಡಿದರು. ಸರಿಯಿದೆ ಎಂದು ನಾವೇ ಹೇಳಿದರೂ ಬಿಡಲಿಲ್ಲ. ನೀರಿಗೆ ಹೆದರಿ ದಡದಲ್ಲೇ ನಿಂತಿದ್ದ ಹುಡುಗಿಯನ್ನು ಒತ್ತಾಯಿಸಲೂ ಇಲ್ಲ, ಗೇಲಿ ಮಾಡಲೂ ಇಲ್ಲ. ಮೂರನೇ ದಿನ ಅವಳೇ ದೋಣಿ ಹತ್ತಿದಳು. ಇದೂ ಒಂದು ಉದ್ಯೋಗ, ಕಲಿತು ಮಾಡುವ ಉದ್ಯೋಗ ಎಂದು ಆಗ ಹೊಳೆಯಿತು.

ಇದಕ್ಕೊಂದು ಕ್ರಮವಿದೆ. ಎವರೆಸ್ಟ್ ಏರಿದ ಮರುವರ್ಷ, 1954ರಲ್ಲಿ, ಡಾರ್ಜಿಲಿಂಗ್‌ನಲ್ಲಿ ಹಿಮಾಲಯನ್ ಪರ್ವತಾರೋಹಣ ಸಂಸ್ಥೆ ಶುರುವಾಯಿತು. ತೇನ್‌ಸಿಂಗ್ ಅವರೇ ಅಲ್ಲಿ ಕಲಿಸಿದರು. ಉತ್ತರಕಾಶಿಯದು 1965ರದ್ದು. ಅಲ್ಲಿನ ಬೇಸಿಕ್ ಕೋರ್ಸ್ 28 ದಿನ: ಬಂಡೆ, ಹಿಮ, ಹಗ್ಗ, ಗಂಟು. ಅದರಲ್ಲಿ 'ಎ' ಗ್ರೇಡ್ ಬಂದರಷ್ಟೇ ಅಡ್ವಾನ್ಸ್ ಕೋರ್ಸ್. ಅಲ್ಲೂ 'ಎ' ಬಂದರೆ ಬೇರೆಯವರಿಗೆ ಕಲಿಸುವುದು ಹೇಗೆ ಎಂಬ ಕೋರ್ಸ್. ನನ್ನ ಕಣ್ಣು ಇರುವುದು ಈ ಮೂರನೆಯದರ ಮೇಲೆ. ಹೆಣ್ಣುಮಕ್ಕಳಿಗಷ್ಟೇ ಮೀಸಲಾದ ಬ್ಯಾಚ್‌ಗಳೂ ಇವೆ ಎಂದಾಗ ಅಮ್ಮ ಸ್ವಲ್ಪ ಮೆತ್ತಗಾದರು.

ಅರ್ಜಿಯಲ್ಲಿ ಹೆಸರು, ವಿಳಾಸ ತುಂಬುವುದು ಐದು ನಿಮಿಷದ ಕೆಲಸ. ವೈದ್ಯರ ಪ್ರಮಾಣಪತ್ರಕ್ಕೆ ಒಂದು ದಿನ ಹೋಯಿತು. ರಕ್ತದೊತ್ತಡ ನೋಡಿದ ಡಾಕ್ಟರು, 'ಇಷ್ಟು ಎತ್ತರಕ್ಕೆ ಹೋಗಿ ಏನಮ್ಮಾ ಮಾಡ್ತೀಯ?' ಎಂದು ಕೇಳಿಯೇ ಸಹಿ ಹಾಕಿದರು. ಕಷ್ಟವಾಗಿದ್ದು ಅಪಾಯದ ಹೊಣೆ ನಮ್ಮದೇ ಎಂದು ಒಪ್ಪಿಕೊಳ್ಳುವ ಪತ್ರ. ಅದನ್ನು ಕನ್ನಡದಲ್ಲಿ ಓದಿ ಹೇಳು ಎಂದರು ಅಪ್ಪ. ಓದಿದೆ. ಜೀವಹಾನಿ ಎಂಬ ಮಾತನ್ನು ನುಂಗದೆ, ಮೆಲ್ಲಗೂ ಹೇಳದೆ ಓದಿದೆ. ಅವರು ಎದ್ದು ತೋಟಕ್ಕೆ ಹೋದರು. ಎರಡು ದಿನ ಆ ಸುದ್ದಿಯೇ ಇಲ್ಲ. ಮೂರನೇ ದಿನ ಪೆನ್ನು ಕೇಳಿದರು.

ದುಡ್ಡಿನ ವಿಷಯ ಮುಚ್ಚಿಡುವುದೇಕೆ? ಈ ಕೆಲಸ ಸೀಸನ್ನಿನದು. ಬೆಂಗಳೂರಿನ ಚಾರಣ ಕಂಪನಿಗಳು, ಶಾಲೆಗಳ ಶಿಬಿರಗಳು ಕರೆದಾಗ ಉಂಟು, ಇಲ್ಲದಾಗ ಇಲ್ಲ. ಪಿಂಚಣಿಯ ಮಾತಂತೂ ಬೇಡ. ಅಷ್ಟು ದೂರ ಹೋಗುವ ಮುಂಚೆ ಮನಸ್ಸು ಗಟ್ಟಿಯಿದೆಯೇ ಎಂದು ನೋಡಿಕೊಳ್ಳಬೇಕೆನ್ನುವವರಿಗೆ ನಮ್ಮಲ್ಲೇ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ, ಹತ್ತಲು ಬಾದಾಮಿ, ರಾಮನಗರದ ಬಂಡೆಗಳಿವೆ.

ಸೀಟುಗಳು ತಿಂಗಳುಗಟ್ಟಲೆ ಮೊದಲೇ ತುಂಬಿಹೋಗುತ್ತವೆ. ನಾನು ಸದ್ಯ ಕಾಯುವ ಪಟ್ಟಿಯಲ್ಲಿದ್ದೇನೆ. ದಿನಾ ಬೆಳಿಗ್ಗೆ ಐದಕ್ಕೆ ಬೆನ್ನುಚೀಲಕ್ಕೆ ಹದಿನೈದು ಕೆ.ಜಿ. ಅಕ್ಕಿ ತುಂಬಿಕೊಂಡು ಮನೆ ಹಿಂದಿನ ಗುಡ್ಡ ಹತ್ತುತ್ತೇನೆ. ಎಂಟರೊಳಗೆ ಇಳಿಯಲೇಬೇಕು, ಅಮ್ಮನಿಗೆ ಅನ್ನಕ್ಕಿಡಲು ಅದೇ ಅಕ್ಕಿ.